ಹಳೇ ಹಾರರ್ ನಟರ ಆಟೋಗ್ರಾಫ್: ಕೊಳ್ಳುವಾಗ ಏನು ನೋಡಬೇಕು, ಫ್ರೇಮ್ ಹೇಗೆ ಹಾಕಿಸಬೇಕು?

ಪ್ರಶ್ನೆ: ಬೋರಿಸ್ ಕಾರ್ಲಾಫ್, ಬೆಲಾ ಲುಗೋಸಿ, ಲಾನ್ ಚೇನಿ, ವಿನ್ಸೆಂಟ್ ಪ್ರೈಸ್, ಪೀಟರ್ ಕುಶಿಂಗ್ ಇವರ ಸಹಿ ಸಂಗ್ರಹಿಸಬೇಕು ಅಂತಿದ್ದೇನೆ. ಮಾರಾಟಕ್ಕೆ ಬರುವುದೆಲ್ಲ ಹೆಚ್ಚಾಗಿ ಫ್ರೇಮ್ ಹಾಕಿದ್ದೇ: ಮೇಲೊಂದು ಫೋಟೊ, ಕೆಳಗೆ ಸಹಿಯ ಚೀಟಿ, ಹೆಸರು ಕೊರೆದ ಹಿತ್ತಾಳೆ ಪಟ್ಟಿ, ಬೆನ್ನಿಗೊಂದು ಪ್ರಮಾಣಪತ್ರ. ಇವುಗಳಲ್ಲಿ ಅಸಲಿ ಯಾವುದು ಅಂತ ತಿಳಿಯುವುದು ಹೇಗೆ? ಗೋಡೆಗೆ ಹಾಕಿದ ಮೇಲೆ ಹಾಳಾಗದಂತೆ ಏನು ಮಾಡಬೇಕು? ಗೊತ್ತಿರುವವರು ತಿಳಿಸಿ.

ಉತ್ತರ 1
ಮೊದಲು ಫ್ರೇಮ್ ಬಿಚ್ಚಿಸಿ, ಆಮೇಲೆ ಬೆಲೆಯ ಮಾತು. ಕಾಗದದ ಬೆನ್ನು, ಅದರ ಅಂಚು, ಶಾಯಿ ಕೂತಿರುವ ರೀತಿ, ಈ ಮೂರನ್ನೂ ಫ್ರೇಮ್ ಮುಚ್ಚಿಡುತ್ತದೆ. ನೋಡಬೇಕಾದದ್ದೂ ಇವೇ ಮೂರು. ದೂರದಿಂದ ಕೊಳ್ಳುವುದಾದರೆ ಹೊರತೆಗೆದ ಮೇಲಿನ ಮೂರು ಚಿತ್ರ ಕೇಳಿ: ಮುಂಭಾಗ ನೇರವಾಗಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಸಹಿಯನ್ನು ತೀರಾ ಹತ್ತಿರದಿಂದ, ಆಮೇಲೆ ಹಿಂಬದಿ. ‘ಬಿಚ್ಚಿದರೆ ಸೀಲ್ ಹಾಳಾಗುತ್ತದೆ’ ಎಂದು ನೆಪ ಹೇಳಿದರೆ ಫ್ರೇಮಿಗೂ ಪ್ರಿಂಟಿಗೂ ಎಷ್ಟೋ ಅಷ್ಟು ಬೆಲೆ ಕಟ್ಟಿ, ಸಹಿಗೆ ಸೊನ್ನೆ. ಆ ಸೀಲ್ ಅನ್ನುವುದು ಧೂಳು ತಡೆಯುವ ಕಂದು ಕಾಗದ ಅಷ್ಟೇ, ಹೊಸದು ಅಂಟಿಸುವುದು ದೊಡ್ಡ ಕೆಲಸವೇನಲ್ಲ.

ಮಾರುವವರು ತಾವೇ ಅಚ್ಚು ಹಾಕಿಸಿಕೊಂಡ ಪ್ರಮಾಣಪತ್ರಕ್ಕೆ ಅವರ ಬಾಯಿಮಾತಿಗಿಂತ ಹೆಚ್ಚು ತೂಕವಿಲ್ಲ. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಥರದ, ಸಹಿ ಪರೀಕ್ಷಿಸುವ ಮೂರನೆಯ ಸಂಸ್ಥೆಯ ಪರಿಶೀಲನೆ ಇದ್ದರೆ ಅದರ ಸಂಖ್ಯೆಯನ್ನು ಅವರ ತಾಣದಲ್ಲೇ ಹಾಕಿ ನೋಡಿ. ಸಂಖ್ಯೆ ಸಿಕ್ಕರೆ ಸಾಲದು, ಅಲ್ಲಿರುವ ವಿವರ ಕೈಯಲ್ಲಿರುವ ವಸ್ತುವಿನದೇ ಆಗಿರಬೇಕು. ಅಸಲಿ ಸಂಖ್ಯೆಯನ್ನು ನಕಲಿ ಸಹಿಗೆ ಜೋಡಿಸಿ ಮಾರುವುದೂ ಉಂಟು.

ಉತ್ತರ 2
ಕೈಬರಹ ಗುರುತು ಹಿಡಿಯಲು ಕಣ್ಣು ಪಳಗಬೇಕು. ಇಸವಿ ಲೆಕ್ಕಕ್ಕೆ ಅದೇನೂ ಬೇಡ, ಎಷ್ಟೋ ನಕಲಿಗಳು ಅಲ್ಲೇ ಸಿಕ್ಕಿಬೀಳುತ್ತವೆ. ನಟ ತೀರಿಕೊಂಡ ವರ್ಷ ಒಂದು ಕಡೆ ಬರೆದುಕೊಳ್ಳಿ: ಕಾಲಿನ್ ಕ್ಲೈವ್ 1937, ಡ್ವೈಟ್ ಫ್ರೈ 1943, ಲುಗೋಸಿ 1956, ಪೀಟರ್ ಲೊರೆ 1964, ಕಾರ್ಲಾಫ್ 1969, ಪ್ರೈಸ್ 1993, ಕುಶಿಂಗ್ 1994, ಕ್ರಿಸ್ಟೋಫರ್ ಲೀ 2015. ಇನ್ನೊಂದು ಕಡೆ ಪೆನ್ನು, ಕಾಗದದ ವರ್ಷ. ಬಾಲ್ ಪೆನ್ ಅಮೆರಿಕದ ಅಂಗಡಿಗೆ ಬಂದದ್ದು 1945ರ ಅಕ್ಟೋಬರ್ ಕೊನೆಗೆ, ಶಾರ್ಪಿ ಮಾರ್ಕರ್ 1964ರಲ್ಲಿ. ಹಾಗಾಗಿ ಕ್ಲೈವ್ ಅಥವಾ ಫ್ರೈ ಬಾಲ್ ಪೆನ್ನಿನಲ್ಲಿ ಸಹಿ ಮಾಡಿದ್ದರೆ ಅದು ಸಮಾಧಿಯಿಂದ ಎದ್ದುಬಂದು ಮಾಡಿದ್ದೇ ಸರಿ. ಲುಗೋಸಿಯ ಸಹಿ ಶಾರ್ಪಿಯಲ್ಲಿದ್ದರೂ ಅದೇ ಮಾತು. ಆದರೆ 1931ರ ‘ಡ್ರಾಕುಲಾ’ ಸ್ಟಿಲ್ (ಚಿತ್ರದ ಪ್ರಚಾರಕ್ಕೆ ಅಚ್ಚು ಹಾಕಿದ ಫೋಟೊ) ಮೇಲೆ ಲುಗೋಸಿಯ ಬಾಲ್ ಪೆನ್ ಸಹಿ ಇದ್ದ ಮಾತ್ರಕ್ಕೆ ತಳ್ಳಿಹಾಕಬೇಡಿ. ಹಳೇ ಚಿತ್ರಕ್ಕೆ ಹತ್ತಿಪ್ಪತ್ತು ವರ್ಷ ಕಳೆದು ಸಹಿ ಹಾಕಿಸಿಕೊಂಡಿರಬಹುದು.

ಸ್ಟಿಲ್‌ನ ಕೆಳಅಂಚಿನ ಸಣ್ಣ ಅಕ್ಷರಗಳನ್ನೂ ಓದಿ. ಆರ್ ಅಕ್ಷರದ ಜೊತೆ 51 ಎಂದಿದ್ದರೆ ಅದು 1951ರ ಮರುಬಿಡುಗಡೆಗೆ ಅಚ್ಚಾದದ್ದು. ಅದರ ಮೇಲೆ ಕ್ಲೈವ್ ಸಹಿ ಇರಲು ಸಾಧ್ಯವೇ ಇಲ್ಲ, ಕಾರ್ಲಾಫ್ ಸಹಿ ಇರಬಹುದು.

ಇನ್ನು ಚೇನಿ. ಆ ಹೆಸರಿನ ನಟರು ಇಬ್ಬರು, ಅಪ್ಪ ಮತ್ತು ಮಗ. ಅಪ್ಪ ಲಾನ್ ಚೇನಿ 1930ರಲ್ಲೇ ತೀರಿಕೊಂಡರು, ಅವರ ಸಹಿ ಬಹಳ ಅಪರೂಪ. ಮಗನ ಹುಟ್ಟುಹೆಸರು ಕ್ರೈಟನ್, ಸಿನಿಮಾದಲ್ಲಿ ಲಾನ್ ಚೇನಿ ಜೂನಿಯರ್. 1941ರ ‘ದ ವುಲ್ಫ್ ಮ್ಯಾನ್’ ಹೊತ್ತಿಗೆ ಸ್ಟುಡಿಯೊದವರು ‘ಜೂನಿಯರ್’ ಬಿಟ್ಟು ಬರೀ ಲಾನ್ ಚೇನಿ ಎಂದೇ ಹೆಸರು ಹಾಕುತ್ತಿದ್ದರು. ಮಗನ ಸಹಿಯನ್ನು ಅಪ್ಪನದೆಂದು ಮಾರುವುದಕ್ಕೆ ದಾರಿ ಆಗುವುದು ಇದೇ. ಮಗ ಇದ್ದದ್ದು 1973ರವರೆಗೆ.

ಉತ್ತರ 3
ಭೂತದ ಸಿನಿಮಾದವರ ಸಹಿಗೆ ಭೂತಗನ್ನಡಿಯೇ ಬೇಕು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದಾದರೆ ಸಾಕು. ಸಣ್ಣ ಸಣ್ಣ ಚುಕ್ಕಿ ಕಂಡರೆ ಅದು ಅಚ್ಚು. ಚುಕ್ಕಿ ಇಲ್ಲದಿದ್ದರೂ, ಫೋಟೊವನ್ನು ಓರೆ ಬೆಳಕಿನಲ್ಲಿ ತಿರುಗಿಸಿದಾಗ ಸಹಿಗೂ ಸುತ್ತಲಿನ ಜಾಗಕ್ಕೂ ಹೊಳಪಿನಲ್ಲಿ ಏನೂ ವ್ಯತ್ಯಾಸ ಇಲ್ಲವಾದರೆ, ಸಹಿ ಮಾಡಿದ ಫೋಟೊದ ಫೋಟೊ ತೆಗೆದಿದ್ದಾರೆ ಎಂದರ್ಥ. ನಿಜವಾದ ಶಾಯಿ ಮೇಲ್ಪದರದ ಮೇಲೆ ಬೇರೆಯಾಗಿ ಕೂತಿರುತ್ತದೆ, ನುಣುಪು ಫೋಟೊದಲ್ಲಿ ಫೌಂಟನ್ ಪೆನ್ ಅಲ್ಲಲ್ಲಿ ಹಿಡಿಯದೆ ಜಾರಿರುತ್ತದೆ. ರಬ್ಬರ್ ಸ್ಟ್ಯಾಂಪ್ ಆದರೆ ಗೆರೆಯ ಎರಡೂ ಅಂಚಿಗೆ ಶಾಯಿ ಒತ್ತರಿಸಿಕೊಂಡು ನಡುವೆ ತೆಳುವಾಗಿರುತ್ತದೆ. ನೋಡಿಕೊಂಡು ಬರೆದ ನಕಲಿನಲ್ಲಿ ಗೆರೆ ನಿಧಾನವಾಗಿ ನಡುಗುತ್ತದೆ, ತುದಿಗಳು ಮೊಂಡಾಗಿರುತ್ತವೆ. ಅಭ್ಯಾಸದ ಕೈ ಸಹಿ ಮುಗಿಸುವಾಗ ಪೆನ್ನು ಹಾರಿಸಿಕೊಂಡೇ ಹೋಗುತ್ತದೆ, ಗೆರೆಯ ಬಾಲ ಸಣ್ಣಗಾಗಿ ಮಾಯವಾಗುತ್ತದೆ.

365 ನ್ಯಾನೊಮೀಟರಿನ ಯುವಿ ಟಾರ್ಚ್ ಇದ್ದರೆ ಕತ್ತಲೆ ಕೋಣೆಯಲ್ಲಿ ಅದರ ಬೆಳಕನ್ನು ಕೆಲವೇ ಕ್ಷಣ ಹಾಯಿಸಿ ನೋಡಿ. ಕಾಗದ ಬೆಳ್ಳಗೆ ಕಾಣಲು ಬೆರೆಸುವ ಹೊಳಪುಕಾರಕಗಳು ಬಳಕೆಗೆ ಬಂದದ್ದು 1950ರ ದಶಕದ ಆಸುಪಾಸು. 1935ರದ್ದು ಎಂದು ಹೇಳುವ ಆಲ್ಬಮ್ ಹಾಳೆ (ಸಹಿ ಸಂಗ್ರಹಿಸುವ ಪುಸ್ತಕದ ಪುಟ) ನೀಲಿಬಿಳುಪಾಗಿ ಝಗ್ಗನೆ ಹೊಳೆದರೆ ಮುಂದೆ ಯೋಚಿಸುವುದೇ ಬೇಡ. ಹೊಳೆಯಲಿಲ್ಲ ಎಂದರೆ ಮಾತ್ರ ಅಸಲಿ ಎಂದಾಗುವುದಿಲ್ಲ. ಹಳೇ ಪುಸ್ತಕದ ಖಾಲಿ ಹಾಳೆ ಹರಿದು ಅದರ ಮೇಲೆ ಬರೆಯುವವರಿದ್ದಾರೆ.

‘ಪ್ರೀತಿಯ ಇಂಥವರಿಗೆ’ ಎಂದು ಬರೆದಿರುವ ಸಹಿ ಸಾಮಾನ್ಯವಾಗಿ ಅಗ್ಗ. ಹೊಸಬರು ಅದನ್ನೇ ಹುಡುಕಬೇಕು ಅನ್ನುವುದು ನನ್ನ ಮತ. ಅಕ್ಷರ ಹೆಚ್ಚಾದಷ್ಟೂ ಹೋಲಿಸಿ ನೋಡಲು ಆಧಾರ ಹೆಚ್ಚು, ನಕಲಿ ಮಾಡುವವನಿಗೆ ಕಷ್ಟವೂ ಹೆಚ್ಚು.

ಪ್ರಶ್ನೆ ಕೇಳಿದವರು: ನೋಡಿಟ್ಟಿರುವ ಒಂದು ಕಾರ್ಲಾಫ್ ಫೋಟೊದಲ್ಲಿ ಮೂಲೆಯ ಹತ್ತಿರ ಒದ್ದೆಯಾದಂತೆ ಹೊಳೆಯುವ ಮಚ್ಚೆ ಇದೆ, ಕಿಟಕಿ ಬೋರ್ಡಿನ (ಫೋಟೊ ಕಾಣುವಂತೆ ನಡುವೆ ಕೊಯ್ದು ಮುಂದೆ ಇಡುವ ರಟ್ಟು) ಅಂಚು ಕಂದಾಗಿದೆ. ಬಿಚ್ಚಿಸಬಹುದೇ?

ಉತ್ತರ 4
ಆ ಮಚ್ಚೆ ಇರುವ ಕಡೆ ಫೋಟೊ ಗಾಜಿಗೆ ಅಂಟಿರುವಂತಿದೆ. ಹಳೇ ಕಪ್ಪುಬಿಳುಪು ಫೋಟೊದ ಮೇಲ್ಪದರ ಜೆಲಟಿನ್. ತೇವಕ್ಕೆ ಮೆತ್ತಗಾಗಿ ಗಾಜಿಗೆ ಹತ್ತಿಕೊಂಡು, ಒಣಗಿದಾಗ ಅಲ್ಲೇ ಗಟ್ಟಿಯಾಗುತ್ತದೆ. ಎಳೆದರೆ ಚಿತ್ರ ಗಾಜಿಗೆ, ಕಾಗದ ಕೈಗೆ. ಹಿಂದಿನ ಹಲಗೆ ಮಾತ್ರ ತೆಗೆದು, ಗಾಜು ಫೋಟೊ ಎರಡನ್ನೂ ಹಾಗೇ ಒಟ್ಟಿಗೆ ಕಾಗದ ಸಂರಕ್ಷಣೆಯ ತಜ್ಞರಿಗೆ ಒಪ್ಪಿಸಿ. ಆ ಖರ್ಚನ್ನೂ ಬೆಲೆಯಲ್ಲಿ ಕಳೆದು ಮಾತಾಡಿ. ಕಂದು ಅಂಚು ಆಮ್ಲ ಇರುವ ಅಗ್ಗದ ಬೋರ್ಡಿನದ್ದು, ಅದನ್ನು ಬದಲಿಸಲೇಬೇಕು.

ಹೊಸದಾಗಿ ಫ್ರೇಮ್ ಹಾಕಿಸುವಾಗ ಹೀಗೆ ಹೇಳಿ. 8×10 ಇಂಚಿನ ಫೋಟೊಗೆ 11×14ರ ಫ್ರೇಮ್. ಕಿಟಕಿ ಬೋರ್ಡೂ ಹಿಂದಿನ ಬೋರ್ಡೂ ಪೂರ್ತಿ ಹತ್ತಿಯದ್ದು, ನಾಲ್ಕು ಪದರದ್ದು, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಅಷ್ಟು ಅಂತರ ಇದ್ದರೆ ಫೋಟೊ ಗಾಜಿಗೆ ತಾಗುವುದಿಲ್ಲ. ಫೋಟೊ ಡೊಂಕಾಗಿದ್ದರೆ ಎಂಟು ಪದರ ಹಾಕಿಸಿ. ಕಿಟಕಿ 7¾×9¾ ಕೊಯ್ದರೆ ಸುತ್ತ 3 ಮಿಲಿಮೀಟರ್ ಹಿಡಿತ ಸಿಗುತ್ತದೆ. ಸಹಿ ಅಂಚಿಗೇ ಇದ್ದರೆ ಕಿಟಕಿಯನ್ನು ಫೋಟೊಗಿಂತ ದೊಡ್ಡದಾಗಿ ಕೊಯ್ಯಿಸಿ, ಸಹಿಯ ಬಾಲ ಮುಚ್ಚಿಹೋಗಬಾರದು. ಫೋಟೊವನ್ನು ಹಿಡಿಯಲು ಪಾಲಿಯೆಸ್ಟರ್ ಮೂಲೆಗಳು (ಫೋಟೊದ ಮೂಲೆ ತೂರಿಸುವ ಪಾರದರ್ಶಕ ಜೇಬುಗಳು) ಮಾತ್ರ. ಗೋಂದು, ಸೆಲ್ಲೋ ಟೇಪ್, ಬಿಸಿ ಒತ್ತುವ ಅಂಟುಹಾಳೆ ಯಾವುದೂ ಬೇಡ. ಆಲ್ಬಮ್ ಹಾಳೆಗಾದರೆ ಜಪಾನಿ ಕಾಗದದ ಸಣ್ಣ ಪಟ್ಟಿ ಎರಡು, ಗೋಧಿ ಗಂಜಿಯ ಅಂಟು, ಅದೂ ಮೇಲಂಚಿಗೆ ಮಾತ್ರ. ಹಾಳೆ ಕೆಳಗೆ ಸಡಿಲವಾಗಿ ನೇತಾಡಬೇಕು, ನಾಲ್ಕೂ ಕಡೆ ಬಿಗಿದರೆ ತೇವ ಏರಿಳಿದಾಗ ಸುಕ್ಕುಗಟ್ಟುತ್ತದೆ.

ಹಳೇ ಹಲಗೆ, ಅದಕ್ಕೆ ಅಂಟಿದ್ದ ಚೀಟಿ, ಫೋಟೊದ ಬೆನ್ನಿನ ಸ್ಟುಡಿಯೊ ಮುದ್ರೆ, ಎಲ್ಲದರ ಚಿತ್ರ ತೆಗೆದಿಟ್ಟುಕೊಳ್ಳಿ. ಚೀಟಿಗಳನ್ನು ಬಿಸಾಡಬೇಡಿ.

ಉತ್ತರ 5
ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲ. ಯುವಿ ತಡೆಯುವ ಗಾಜು ಅಥವಾ ಅಕ್ರಿಲಿಕ್ 99 ಶೇಕಡದವರೆಗೆ ತಡೆಯುತ್ತದೆ, ಹಾಕಿಸಿ. ಆದರೆ ಅದನ್ನೇ ನೆಚ್ಚಿಕೊಂಡು ಕಿಟಕಿಯ ಎದುರು ನೇತುಹಾಕಬೇಡಿ. ಕಣ್ಣಿಗೆ ಕಾಣುವ ಬೆಳಕಿಗೂ ಬಣ್ಣ ಹೋಗುತ್ತದೆ. ಮಾರ್ಕರ್ ಸಹಿ ಎಲ್ಲಕ್ಕಿಂತ ಬೇಗ ಮಾಸುತ್ತದೆ, ಹಾಗಾಗಿ ಪ್ರೈಸ್, ಲೀ ಅವರ ಕೊನೆಯ ವರ್ಷಗಳ ಸಹಿಗಳ ಮೇಲೆ ಹೆಚ್ಚು ನಿಗಾ ಇಡಿ. ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ದಾಟದ ಒಳಗೋಡೆ ನೋಡಿಕೊಳ್ಳಿ, ಹೊರಗೋಡೆಯಾದರೆ ತೇವವೂ ಏರುತ್ತದೆ. ಅಕ್ರಿಲಿಕ್ ಒರೆಸಲು ಅಮೋನಿಯ ಇರುವ ದ್ರವ ಬಳಸಿದರೆ ಮಂಜಾಗುತ್ತದೆ. ಯಾವ ದ್ರವವನ್ನೂ ಫ್ರೇಮಿನ ಮೇಲೆ ನೇರ ಸಿಂಪಡಿಸಬೇಡಿ, ಸಂದಿಯಲ್ಲಿ ಇಳಿದು ಬೋರ್ಡ್ ನೆನೆಯುತ್ತದೆ. ಬಟ್ಟೆಗೆ ಹಾಕಿಕೊಂಡು ಒರೆಸಿ.

ತೀರಾ ಬೆಲೆಬಾಳುವುದನ್ನು ಪಾಲಿಯೆಸ್ಟರ್ ಲಕೋಟೆಯಲ್ಲಿ, ಆಮ್ಲರಹಿತ ಡಬ್ಬಿಯಲ್ಲಿಟ್ಟು ಗೋಡೆಗೆ ಒಳ್ಳೆಯ ಪ್ರತಿ ಹಾಕುವುದು ನನಗೆ ಸರಿ ಅನ್ನಿಸುತ್ತದೆ. ಪಿವಿಸಿ ಲಕೋಟೆ ಮಾತ್ರ ಬೇಡವೇ ಬೇಡ, ಅದು ಶಾಯಿಯನ್ನು ಎಬ್ಬಿಸಿ ತನಗೆ ಅಂಟಿಸಿಕೊಳ್ಳುತ್ತದೆ.

ಉತ್ತರ 3, ಮತ್ತೆ
ಒಂದು ಸೇರಿಸುತ್ತೇನೆ. ಶುರು ಮಾಡುವುದಾದರೆ ಪ್ರೈಸ್ ಮತ್ತು ಕುಶಿಂಗ್‌ರಿಂದ. ಇಬ್ಬರೂ ಅಭಿಮಾನಿಗಳಿಗೆ ಧಾರಾಳವಾಗಿ ಸಹಿ ಮಾಡಿಕೊಟ್ಟವರು, ಹೋಲಿಸಲು ಮಾದರಿ ಬೇಕಾದಷ್ಟು ಸಿಗುತ್ತದೆ. ಲುಗೋಸಿಗೆ ಕೈ ಹಾಕುವ ಮುನ್ನ ಬ್ಯಾಂಕ್ ಚೆಕ್ಕು, ಒಪ್ಪಂದಪತ್ರಗಳ ಮೇಲಿನ ಸಹಿಗಳ ಚಿತ್ರ ಬೇರೆ ಬೇರೆ ವರ್ಷದ್ದು ಒಂದು ಡಜನ್ ಆದರೂ ಕೂಡಿಸಿಕೊಳ್ಳಿ. ಆಲ್ಬಮ್ ಹಾಳೆಯ ಎರಡೂ ಬದಿಗೆ ಸಹಿ ಇದ್ದರೆ ಹಿಂದಿನ ಬೋರ್ಡಿಗೂ ಕಿಟಕಿ ಕೊಯ್ಯಿಸಿ ಅಲ್ಲೂ ಅಕ್ರಿಲಿಕ್ ಹಾಕಿಸಬಹುದು. ಹಾಳೆಯನ್ನು ಸೀಳಿ ಎರಡು ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಮಾತ್ರ ಕೊಡಬೇಡಿ.