ಕಾಫಿ ತೋಟದ ಕೆಲಸಕ್ಕೆ ಯಾವ ವಾಕಿಟಾಕಿ ಕೊಳ್ಳಬೇಕು?

ಪ್ರಶ್ನೆ: ಮೂಡಿಗೆರೆ ಬೆಳೆಗಾರ

ನಮಸ್ಕಾರ. ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಸುಮಾರು ತೊಂಬತ್ತು ಎಕರೆಯ ಕಾಫಿ ತೋಟ. ಬಂಗಲೆ ಮತ್ತು ಕಣ ಗುಡ್ಡದ ನೆತ್ತಿಯಲ್ಲಿವೆ. ಕೂಲಿ ಲೈನುಗಳು, ಅಂದರೆ ಕೆಲಸಗಾರರ ಮನೆಗಳ ಸಾಲು, ಒಂದು ಇಳಿಜಾರಿನಲ್ಲಿದ್ದರೆ, ಕೆರೆ ಮತ್ತು ಪಂಪ್‌ಹೌಸ್ ಗುಡ್ಡದ ಇನ್ನೊಂದು ಬದಿಯ ತಗ್ಗಿನಲ್ಲಿವೆ. ಮೊಬೈಲ್ ಸಿಗ್ನಲ್ ಬಂಗಲೆಯ ಸುತ್ತ ಮಾತ್ರ ಸಿಗುತ್ತದೆ. ತೋಟದೊಳಕ್ಕೆ ಕಾಡಾನೆ ಬಂದಿರುವುದು ಒಂದು ಬ್ಲಾಕಿನವರಿಗೆ ತಿಳಿದರೂ ಮತ್ತೊಂದು ಬ್ಲಾಕಿನಲ್ಲಿ ಹಣ್ಣು ಕೊಯ್ಯುತ್ತಿರುವವರಿಗೆ ತಿಳಿಸಲು ಯಾರಾದರೂ ಓಡಿಹೋಗಬೇಕಾದ ಪರಿಸ್ಥಿತಿ ಇದೆ. ಆದ್ದರಿಂದ ರೈಟರ್ (ತೋಟದ ಲೆಕ್ಕ ಬರೆಯುವವರು), ಮೇಸ್ತ್ರಿಗಳು, ಪಂಪ್ ನೋಡಿಕೊಳ್ಳುವವರು ಮತ್ತು ಬಂಗಲೆಗೆ ಸೇರಿ ಆರು ಸೆಟ್ ಕೊಳ್ಳಬೇಕೆಂದಿದ್ದೇನೆ.

ಆನ್‌ಲೈನ್‌ನಲ್ಲಿ ಹುಡುಕಿದರೆ ಕಡಿಮೆ ಬೆಲೆಯ ಜೋಡಿ ಸೆಟ್‌ಗಳ ಮೇಲೆಯೂ ಹತ್ತು ಕಿಲೋಮೀಟರ್ ದೂರ ಕೇಳುತ್ತದೆ ಎಂದು ಬರೆದಿರುತ್ತದೆ. ಕೆಲವರು ಐದು ವ್ಯಾಟ್‌ನದನ್ನೇ ಕೊಳ್ಳಿ ಎನ್ನುತ್ತಾರೆ. ಅಂಗಡಿಯವರೊಬ್ಬರು ಸಿಮ್ ಹಾಕುವ ವಾಕಿಟಾಕಿಯನ್ನು ಸೂಚಿಸಿದರು. ಇವುಗಳಲ್ಲಿ ನಮ್ಮ ತೋಟಕ್ಕೆ ಯಾವುದು ಹೊಂದುತ್ತದೆ? ಸರ್ಕಾರದ ಪರವಾನಗಿ ಬೇಕೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ತರಂಗಮಿತ್ರ, ಬೆಂಗಳೂರು

ರೇಡಿಯೊ ಸೆಟ್‌ಗಳ ದುರಸ್ತಿ ನನ್ನ ವೃತ್ತಿ. ಹವ್ಯಾಸಿ ರೇಡಿಯೊ ಪರವಾನಗಿಯೂ ಇದೆ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಇತ್ಯರ್ಥವಾದರೆ ಆಯ್ಕೆಯ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ.

ಭಾರತದಲ್ಲಿ 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಮಾತ್ರ ಕೆಲಸ ಮಾಡುವ, ಕಡಿಮೆ ಶಕ್ತಿಯ ವಾಕಿಟಾಕಿಗಳನ್ನು ಬಳಸಲು ಪರವಾನಗಿ ಬೇಕಿಲ್ಲ. ಇಂತಹ ಸೆಟ್‌ಗಳು ಸಾಮಾನ್ಯವಾಗಿ ಅರ್ಧ ವ್ಯಾಟ್ ಶಕ್ತಿಯವು. ಬಳಸುವವರಿಗೆ ಪರವಾನಗಿ ಬೇಡವೆಂದರೂ ಆ ಮಾದರಿಯ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಅನುಮೋದನೆ, ಅಂದರೆ ಇಟಿಎ ಪ್ರಮಾಣಪತ್ರ, ಇರಲೇಬೇಕು. ಮಾರುವವರನ್ನು ಅದರ ಪ್ರತಿ ಕೇಳುವುದು ನಿಮ್ಮ ಹಕ್ಕು. ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ನೀಡಿ, ಬಳಿಕ ಮಾರ್ಗಸೂಚಿಯನ್ನೂ ಹೊರಡಿಸಿದ್ದು ಇದೇ ಕಾರಣಕ್ಕೆ: ಯಾವ ತರಂಗಾಂತರದಲ್ಲಿ ಸೆಟ್ ಕೆಲಸ ಮಾಡುತ್ತದೆ, ಪರವಾನಗಿ ಬೇಕೇ ಬೇಡವೇ ಎಂಬುದನ್ನು ಹೇಳದೆಯೇ ಅಲ್ಲಿ ಸಾವಿರಾರು ವಾಕಿಟಾಕಿಗಳು ಮಾರಾಟಕ್ಕಿದ್ದವು.

ಐದು ವ್ಯಾಟ್‌ನ ಸೆಟ್‌ಗಳಲ್ಲಿ ಅಗ್ಗವಾಗಿ ಸಿಗುವವು ಸಾಮಾನ್ಯವಾಗಿ 136ರಿಂದ 174 ಮತ್ತು 400ರಿಂದ 520 ಮೆಗಾಹರ್ಟ್ಸ್‌ವರೆಗಿನ ಯಾವುದೇ ತರಂಗಾಂತರಕ್ಕೆ ಹೊಂದಿಸಬಹುದಾದವು. ಆ ವ್ಯಾಪ್ತಿಯಲ್ಲಿ ಪೊಲೀಸ್, ಅರಣ್ಯ ಇಲಾಖೆ ಮುಂತಾದವರ ಸಂಪರ್ಕಗಳೂ ಇರುತ್ತವೆ. ಪರವಾನಗಿಯಿಲ್ಲದೆ ಅವನ್ನು ತೋಟದಲ್ಲಿ ಬಳಸುವುದು ಅಪರಾಧವಾಗುತ್ತದೆ. 446ಕ್ಕೇ ಹೊಂದಿಸಿಕೊಂಡು ಬಳಸುತ್ತೇನೆ ಎಂಬ ವಾದವೂ ನಿಲ್ಲುವುದಿಲ್ಲ, ಏಕೆಂದರೆ ವಿನಾಯಿತಿ ಇರುವುದು 446.0ರಿಂದ 446.2ರ ವ್ಯಾಪ್ತಿಯನ್ನು ದಾಟಲಾಗದ ಸೆಟ್‌ಗಳಿಗೆ ಮಾತ್ರ.

ಇನ್ನು ದೂರದ ವಿಷಯ. ಡಬ್ಬಿಯ ಮೇಲೆ ಬರೆದ ಕಿಲೋಮೀಟರ್‌ಗಳನ್ನು ಓದಲೇಬೇಡಿ. ಬಯಲಿನಲ್ಲಿ ನಿಂತ ಇಬ್ಬರ ಕೈಯಲ್ಲಿರುವ ಸೆಟ್‌ಗಳ ನಡುವೆ ಭೂಮಿಯ ಬಾಗುವಿಕೆಯೇ ಸುಮಾರು ಹತ್ತು ಕಿಲೋಮೀಟರ್‌ಗೆ ಮಿತಿ ಹಾಕುತ್ತದೆ. ಮರ, ಗುಡ್ಡ, ಕಟ್ಟಡ ಬಂದಂತೆ ಅದು ಬೇಗ ಕುಗ್ಗುತ್ತದೆ. ಶಕ್ತಿಯನ್ನು ಅರ್ಧ ವ್ಯಾಟ್‌ನಿಂದ ಐದು ವ್ಯಾಟ್‌ಗೆ, ಎಂದರೆ ಹತ್ತು ಪಟ್ಟು, ಏರಿಸಿದರೂ ನೆಲಮಟ್ಟದಲ್ಲಿ ಕೇಳಿಸುವ ದೂರ ಎರಡು ಪಟ್ಟಿನಷ್ಟೂ ಹೆಚ್ಚುವುದು ಕಷ್ಟ. ಅದೇ ಒಂದು ಸೆಟ್ಟನ್ನು ಎತ್ತರದ ಜಾಗದಲ್ಲಿ ಇರಿಸಿದರೆ ಸಿಗುವ ಲಾಭ ಅದಕ್ಕಿಂತ ದೊಡ್ಡದು. ನಿಮ್ಮ ಬಂಗಲೆ ನೆತ್ತಿಯ ಮೇಲಿರುವುದು ನಿಮ್ಮ ಅದೃಷ್ಟ: ಲೈನಿನವರ ಮಾತು ಪಂಪ್‌ಹೌಸಿಗೆ ನೇರವಾಗಿ ತಲುಪದಿದ್ದರೂ ಬಂಗಲೆಯ ಜಗಲಿಯಲ್ಲಿ ಇರುವವರು ಎರಡೂ ಬದಿಯನ್ನು ಕೇಳಿ ಸುದ್ದಿಯನ್ನು ದಾಟಿಸಬಹುದು.

ಹಾಗಾಗಿ ನನ್ನ ಸಲಹೆ: ಮೊದಲು ಪರವಾನಗಿ ಬೇಡದ, ಇಟಿಎ ಇರುವ ಎರಡೇ ಸೆಟ್ ತಂದು ತೋಟದ ಎಲ್ಲ ಮೂಲೆಗಳಲ್ಲೂ ನಿಂತು ಮಾತನಾಡಿ ನೋಡಿ. ಸಾಧ್ಯವಾದರೆ ಮಳೆ ಹಿಡಿದ ದಿನವೇ ನೋಡಿ. ಒದ್ದೆಯಾದ ಎಲೆಗಳು ಈ ತರಂಗಗಳನ್ನು ಹೆಚ್ಚು ಹೀರಿಕೊಳ್ಳುತ್ತವೆ.

ಉತ್ತರ: ಹೇಮಾವತಿ ತೀರ, ಸಕಲೇಶಪುರ

ತರಂಗಮಿತ್ರ ಅವರು ಹೇಳಿದ್ದು ಸರಿಯಾಗಿದೆ. ನಮ್ಮ ತೋಟದಲ್ಲಿ ಇಂತಹ ಅರ್ಧ ವ್ಯಾಟ್‌ನ ಸೆಟ್‌ಗಳೇ ಇವೆ. ಸಿಲ್ವರ್ ಓಕ್ ಮತ್ತು ಕಾಡುಮರಗಳ ನೆರಳು ದಟ್ಟವಾಗಿರುವ ಕಡೆ ಒಂದು ಕಿಲೋಮೀಟರ್‌ಗಿಂತ ಕಡಿಮೆ, ಕಣಿವೆಯ ಆಚೆ ಎದುರು ಬದುರು ಕಾಣುವ ಇಳಿಜಾರುಗಳ ನಡುವೆ ಅದಕ್ಕಿಂತ ಎಷ್ಟೋ ಹೆಚ್ಚು ದೂರ ಕೇಳುತ್ತದೆ. ಗುಡ್ಡ ಅಡ್ಡ ಬಂದರೆ ಮಾತ್ರ ಏನೂ ಇಲ್ಲ.

ಆನೆಯ ವಿಷಯಕ್ಕೆ ಬಳಸುವುದಾದರೆ ಕೆಲವು ಸಂಗತಿಗಳನ್ನು ಅಂಗಡಿಯವರು ಹೇಳುವುದಿಲ್ಲ. ಆನೆಯ ಹತ್ತಿರವಿರುವ ಕೆಲಸಗಾರನ ಸೊಂಟದಲ್ಲಿ ಸೆಟ್ ಒಮ್ಮೆಲೇ ಗಟ್ಟಿಯಾಗಿ ಕಿರುಚಿದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಆದ್ದರಿಂದ ಇಯರ್‌ಫೋನ್ ಸಿಕ್ಕಿಸುವ ಜಾಗವಿರುವ ಮಾದರಿಯನ್ನೇ ಕೊಳ್ಳಿ, ಒಂದು ಕಿವಿಯನ್ನು ಮಾತ್ರ ಮುಚ್ಚುವಂತೆ ಹೇಳಿ, ಮಾತು ಮುಗಿದಾಗ ಬರುವ ಬೀಪ್ ಶಬ್ದವನ್ನು ಸೆಟ್ಟಿಂಗ್‌ನಲ್ಲೇ ನಿಲ್ಲಿಸಿ. ಗುಂಡಿ ಒತ್ತದೆ ಧ್ವನಿಗೆ ತಾನೇ ಚಾಲೂ ಆಗುವ ಸೌಲಭ್ಯವನ್ನು ದೊಡ್ಡದಾಗಿ ಹೊಗಳಿರುತ್ತಾರೆ. ಕಳೆ ಕತ್ತರಿಸುವ ಯಂತ್ರದ ಪಕ್ಕದಲ್ಲಿ ಅದು ಇಡೀ ತೋಟಕ್ಕೆ ಯಂತ್ರದ ಸದ್ದನ್ನೇ ಬಿತ್ತರಿಸುತ್ತದೆ.

ಮಲೆನಾಡಿನ ಮಳೆಗೆ, ದೂಳು ಮತ್ತು ನೀರನ್ನು ತಡೆಯುವ ದರ್ಜೆ ಐಪಿ54 ಎಂದು ಗುರುತಿರುವ ಸೆಟ್ ಸಾಲದು ಎಂಬುದು ನನ್ನ ಅಭಿಪ್ರಾಯ. ಅದು ಎರಚಲನ್ನಷ್ಟೇ ತಡೆಯುತ್ತದೆ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುವ ಐಪಿ67 ದರ್ಜೆಯದು ಸಿಕ್ಕಿದರೆ ಹೆಚ್ಚಿನ ಹಣ ಕೊಡಬಹುದು. ಹಾಗಿದ್ದರೂ ಸಂಜೆ ಚಾರ್ಜರ್‌ಗೆ ಇಡುವ ಮೊದಲು ಕೆಳಗಿನ ಲೋಹದ ಬಿಂದುಗಳನ್ನು ಒಣಬಟ್ಟೆಯಿಂದ ಒರೆಸುವ ಅಭ್ಯಾಸ ಮಾಡಿಸಿ. ಅಲ್ಲಿ ಕಿಲುಬು ಹಿಡಿದರೆ ಬ್ಯಾಟರಿ ಚೆನ್ನಾಗಿದ್ದರೂ ಚಾರ್ಜ್ ಆಗುವುದಿಲ್ಲ.

ಮರುಪ್ರಶ್ನೆ: ಮೂಡಿಗೆರೆ ಬೆಳೆಗಾರ

ಇಬ್ಬರಿಗೂ ಧನ್ಯವಾದಗಳು. ಇನ್ನೂ ಮೂರು ಸಂದೇಹಗಳಿವೆ. ಪಕ್ಕದ ತೋಟದವರೂ ಇಂತಹವೇ ಸೆಟ್ ತಂದರೆ ನಮ್ಮ ಮಾತು ಅವರಿಗೆ ಕೇಳುವುದಿಲ್ಲವೇ? ಪೆಟ್ಟಿಗೆಯ ಮೇಲೆ ‘ಪ್ರೈವೆಸಿ ಕೋಡ್’ ಎಂದಿದೆ. ಡಿಜಿಟಲ್ ಸೆಟ್ ಮೇಲೇ? ನಾನೇ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆದರೆ ಐದು ವ್ಯಾಟ್‌ನದನ್ನು ತೋಟದಲ್ಲಿ ಬಳಸಬಹುದೇ?

ಉತ್ತರ: ತರಂಗಮಿತ್ರ, ಬೆಂಗಳೂರು

ಮೂರನೆಯದಕ್ಕೆ ಉತ್ತರ ಸ್ಪಷ್ಟವಾಗಿ ‘ಇಲ್ಲ’. ಹವ್ಯಾಸಿ ಪರವಾನಗಿಯನ್ನು ವ್ಯಕ್ತಿಗೆ ಕೊಡುತ್ತಾರೆ, ತೋಟಕ್ಕಲ್ಲ. ವ್ಯವಹಾರದ ಮಾತಿಗೆ ಅದನ್ನು ಬಳಸುವಂತಿಲ್ಲ. ಪರೀಕ್ಷೆಯನ್ನು ಆಸಕ್ತಿಯಿಂದ ಬರೆಯುವುದಾದರೆ ಖಂಡಿತ ಬರೆಯಿರಿ, ಆದರೆ ನಿಮ್ಮ ರೈಟರ್ ಮತ್ತು ಮೇಸ್ತ್ರಿಗಳಿಗೆ ಅದರಿಂದ ಯಾವ ಅಧಿಕಾರವೂ ಬರುವುದಿಲ್ಲ. ಅರ್ಧ ವ್ಯಾಟ್ ಸಾಲದೆಂದು ಪ್ರಯೋಗದಲ್ಲಿ ಖಚಿತವಾದರೆ, ಅಧಿಕೃತ ಮಾರಾಟಗಾರರ ಮೂಲಕ ಸಂಸ್ಥೆಯ ಸ್ವಂತ ಬಳಕೆಯ ಪರವಾನಗಿಗೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಇಲಾಖೆ ನಿಮಗೆಂದೇ ತರಂಗಾಂತರ ನಿಗದಿ ಮಾಡುತ್ತದೆ; ಅದಕ್ಕೆ ವರ್ಷ ವರ್ಷವೂ ಶುಲ್ಕ ಕಟ್ಟಬೇಕಾಗುತ್ತದೆ.

ಪ್ರೈವೆಸಿ ಕೋಡ್ ಎಂಬುದು ಗೌಪ್ಯತೆಯಲ್ಲ. ನಿಮ್ಮ ಮಾತಿನ ಜೊತೆ ಕಿವಿಗೆ ಗೊತ್ತಾಗದ ಒಂದು ಸಣ್ಣ ಸ್ವರ ಹೋಗುತ್ತದೆ, ಆ ಸ್ವರ ಬಂದಾಗ ಮಾತ್ರ ಎದುರಿನ ಸೆಟ್ ತನ್ನ ಸ್ಪೀಕರ್ ತೆರೆಯುತ್ತದೆ. ಅಂದರೆ ಅದು ಮುಚ್ಚುವುದು ನಿಮ್ಮ ಕಿವಿಯನ್ನು, ಪಕ್ಕದವರ ಕಿವಿಯನ್ನಲ್ಲ. ಕೋಡ್ ಹಾಕದ ಯಾರು ಬೇಕಾದರೂ ನಿಮ್ಮ ಮಾತನ್ನು ಕೇಳಿಸಿಕೊಳ್ಳಬಹುದು. ಇದರ ತೊಡಕು ಇನ್ನೊಂದು ಇದೆ: ನೆರೆಯವರು ಅದೇ ಚಾನೆಲ್‌ನಲ್ಲಿ ಮಾತನಾಡುತ್ತಿದ್ದರೂ ನಿಮಗೆ ಗೊತ್ತಾಗುವುದಿಲ್ಲ, ನೀವು ಗುಂಡಿ ಒತ್ತಿದರೆ ಎರಡೂ ಮಾತು ಕೆಡುತ್ತವೆ. ಹಸಿರು ದೀಪ ಉರಿಯುತ್ತಿದ್ದು ಸದ್ದಿಲ್ಲದಿದ್ದರೆ ಚಾನೆಲ್ ಖಾಲಿಯಿಲ್ಲ ಎಂದು ಕೆಲಸಗಾರರಿಗೆ ಹೇಳಿಕೊಡಿ. ನೆರೆಹೊರೆಯ ತೋಟಗಳು ಬೇರೆ ಬೇರೆ ಚಾನೆಲ್ ಹಂಚಿಕೊಂಡು, ಆನೆಯ ಸುದ್ದಿಗೆ ಮಾತ್ರ ಕೋಡ್ ಇಲ್ಲದ ಒಂದು ಚಾನೆಲ್ಲನ್ನು ಎಲ್ಲರಿಗೂ ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಉತ್ತಮ ಏರ್ಪಾಡು.

ಡಿಜಿಟಲ್ ಬಗ್ಗೆ ನನ್ನದು ಸ್ವಲ್ಪ ಭಿನ್ನ ನಿಲುವು. ಡಿಜಿಟಲ್‌ನಲ್ಲಿ ಧ್ವನಿ ಕೊನೆಯವರೆಗೂ ಸ್ವಚ್ಛವಾಗಿರುತ್ತದೆ, ಆಮೇಲೆ ಒಮ್ಮೆಲೇ ಇಲ್ಲವಾಗುತ್ತದೆ. ಹಳೆಯ ಬಗೆಯದಾದ ಅನಲಾಗ್‌ನಲ್ಲಿ ದೂರ ಹೋದಂತೆ ಸುಯ್ ಎಂಬ ಸದ್ದು ಏರುತ್ತದೆ. ನಾಲ್ಕು ಹೆಜ್ಜೆ ದಿಬ್ಬಕ್ಕೆ ಹತ್ತಬೇಕೆಂದು ಬಳಸುವವನಿಗೆ ಅದೇ ಸೂಚನೆ ಕೊಡುತ್ತದೆ. ತೋಟಕ್ಕೆ ನಾನು ಅನಲಾಗನ್ನೇ ಆರಿಸುತ್ತೇನೆ.

ಉತ್ತರ: ಕಟ್ಟಡ ನಿರ್ವಾಹಕ, ವೈಟ್‌ಫೀಲ್ಡ್

ಸಿಮ್ ಹಾಕುವ ಸೆಟ್‌ನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಇದನ್ನು ಸೇರಿಸುತ್ತಿದ್ದೇನೆ. ಅದು ನೋಡಲು ವಾಕಿಟಾಕಿಯಾದರೂ ಒಳಗೆ ಮೊಬೈಲೇ. ಗುಂಡಿ ಒತ್ತಿದಾಗ ಧ್ವನಿ ಮೊಬೈಲ್ ಜಾಲದ ಮೂಲಕ ಹೋಗುತ್ತದೆ, ಹೀಗಾಗಿ ಮೈಸೂರಿನಿಂದ ಬೀದರಿಗೂ ಮಾತನಾಡಬಹುದು. ನಮ್ಮ ಅಪಾರ್ಟ್‌ಮೆಂಟ್ ಸಮುಚ್ಚಯದ ನೆಲಮಾಳಿಗೆಗಳಲ್ಲಿ ಅರ್ಧ ವ್ಯಾಟ್‌ನ ಸೆಟ್ ಒಂದು ಮಹಡಿ ಕೆಳಗಿಳಿಯುವಷ್ಟರಲ್ಲೇ ಸೋಲುತ್ತಿತ್ತು. ಅಲ್ಲಿ ವೈಫೈ ಇರುವುದರಿಂದ ಈಗ ಸಿಮ್ ಮತ್ತು ವೈಫೈ ಎರಡರಲ್ಲೂ ನಡೆಯುವ ಸೆಟ್‌ಗಳನ್ನು ಭದ್ರತಾ ಸಿಬ್ಬಂದಿಗೆ ಕೊಟ್ಟಿದ್ದೇವೆ. ಆದರೆ ಸಿಗ್ನಲ್ ಬಂಗಲೆಯ ಸುತ್ತ ಮಾತ್ರ ಎಂದು ನೀವೇ ಬರೆದಿದ್ದೀರಿ. ಕರೆಂಟ್ ಹೋಗಿ ಟವರ್ ಕೂಡ ನಿಂತುಹೋಗುವ ಮಳೆಗಾಲದ ರಾತ್ರಿಯಲ್ಲಿ ಅದನ್ನು ನಂಬುವಂತಿಲ್ಲ. ನಿಮ್ಮ ತೋಟಕ್ಕೆ ಅದು ಬೇಡ.

ಬ್ಯಾಟರಿಯ ಬಗ್ಗೆ ಒಂದು ಮಾತು. ಎಷ್ಟು ಗಂಟೆ ಬಾಳುತ್ತದೆ ಎಂದು ಬರೆಯುವಾಗ ಕಂಪನಿಗಳು ಸಾಮಾನ್ಯವಾಗಿ ನೂರರಲ್ಲಿ ಐದು ಪಾಲು ಮಾತನಾಡುವುದು, ಐದು ಪಾಲು ಕೇಳುವುದು, ಉಳಿದ ತೊಂಬತ್ತು ಪಾಲು ಸುಮ್ಮನಿರುವುದು ಎಂಬ ಲೆಕ್ಕವನ್ನು ಹಿಡಿಯುತ್ತವೆ. ಕೊಯ್ಲಿನ ದಿನಗಳಲ್ಲಿ ಮಾತು ಹೆಚ್ಚಾಗುವುದರಿಂದ ಸಂಜೆಯೊಳಗೇ ಬ್ಯಾಟರಿ ಮುಗಿಯಬಹುದು. ಬ್ಯಾಟರಿ ಬಿಚ್ಚಿ ಬದಲಿಸಬಹುದಾದ ಮಾದರಿಯನ್ನು ಆರಿಸಿ, ಆರು ಸೆಟ್‌ಗೆ ಎರಡಾದರೂ ಹೆಚ್ಚುವರಿ ಬ್ಯಾಟರಿಯನ್ನು ಅದೇ ಬಿಲ್ಲಿನಲ್ಲಿ ಕೊಳ್ಳಿ; ಮಾದರಿ ಹಳೆಯದಾದ ಮೇಲೆ ಹೊಂದುವ ಬ್ಯಾಟರಿ ಸಿಗುವುದು ಕಷ್ಟ. ಜೊತೆಗೆ, ಗುಂಡಿ ಒತ್ತಿ ಒಂದು ಸೆಕೆಂಡ್ ತಡೆದು ಮಾತು ಆರಂಭಿಸಬೇಕೆಂದು ಮೊದಲ ದಿನವೇ ಎಲ್ಲರಿಗೂ ಹೇಳಿ. ಬ್ಯಾಟರಿ ಉಳಿಸಲು ಅರೆನಿದ್ದೆಯಲ್ಲಿರುವ ಎದುರಿನ ಸೆಟ್ ಎಚ್ಚರಗೊಳ್ಳುವಷ್ಟರಲ್ಲಿ ಮೊದಲ ಪದ ನುಂಗಿಹೋಗುತ್ತದೆ. ‘ಕೆರೆ ಹತ್ತಿರ ಆನೆ’ ಎಂಬುದು ‘ಹತ್ತಿರ ಆನೆ’ ಎಂದಷ್ಟೇ ಕೇಳಿಸಿದರೆ ಯಾರು ಯಾವ ಕಡೆ ಓಡಬೇಕೆಂದು ತಿಳಿಯುವುದಿಲ್ಲ.