ಲಾನ್‌ನ್ಯಾಗ ಗೊಣ್ಣಿ ಹುಳ: ಗುಳಿಗಿ (ಹರಳು) ಔಷಧ ಹಾಕಿದವರು ಅನುಭವ ಹೇಳ್ರಿ

ಹುಬ್ಬಳ್ಳಿ, ವಿದ್ಯಾನಗರ (ಕೇಳಿದವರು)
ನಮಸ್ಕಾರ್ರಿ ಎಲ್ಲಾರಿಗೂ. ಮನಿ ಮುಂದ ಅರ್ಧ ಗುಂಟೆದಷ್ಟು ಲಾನ್ ಐತಿ. ಶ್ರಾವಣ ಹಿಡದಾಗಿಂದ ಅಲ್ಲಲ್ಲೇ ಹಳದಿ ಬೀಳಾಕತ್ತೈತಿ. ಕೈಲೆ ಹಿಡದು ಎತ್ತಿದ್ರ ಚಾಪಿ ಎದ್ದಂಗ ಏಳತೈತಿ, ಕೆಳಗ ಬೇರು ಇಲ್ಲ. ಮಾಲಿ, "ಥಿಮೆಟ್ ಒಗದ್ರ ಮುಗೀತ್ರಿ" ಅಂತಾನ. ಆದ್ರ ಮನ್ಯಾಗ ಈಗ ಅಂಬೆಗಾಲು ಇಡೋ ಮೊಮ್ಮಗ ಅದಾನ, ನಾಯಿನೂ ಐತಿ. ಹಾಕಿದವರು ಇದ್ರ ಹೆಂಗ ಹಾಕಿದ್ರಿ, ಏನಾತು, ಸ್ವಲ್ಪ ಹೇಳ್ರಿ.

ಧಾರವಾಡ, ಸಪ್ತಾಪುರ
ಔಷಧದ ಮಾತು ಆಮ್ಯಾಲ ಅಕ್ಕಾರ, ಮೊದಲ ಹುಳ ಖರೇನ ಅದನೋ ಇಲ್ಲೋ ನೋಡ್ರಿ. ಪೂರ್ತಿ ಒಣಗಿದ ಜಾಗದಾಗ ಅಗದ್ರ ಸಿಗೂದಿಲ್ಲ, ಅಲ್ಲಿ ತಿನ್ನಾಕ ಏನೂ ಉಳಿದಿರಂಗಿಲ್ಲ. ಹಸಿರು ಮತ್ತ ಹಳದಿ ಕೂಡೋ ಅಂಚಿನ್ಯಾಗ ಒಂದು ಚದರ ಫೂಟು ಹುಲ್ಲನ್ನ ಮೂರು ಮಗ್ಗಲಾ ಕುರ್ಪಿಲೆ ಕೊಯ್ದು, ಎರಡು-ಮೂರು ಇಂಚು ಆಳ, ಹಿಂದಕ್ಕ ಮಡಚ್ರಿ. ಬಿಳಿ ಮೈ, ಕಂದು ತಲಿ, ತಲಿ ಹತ್ರ ಮೂರು ಜೋಡಿ ಕಾಲು, ಮುಟ್ಟಿದ ಕೂಡ್ಲೆ ಸುತ್ತಿಕೊಂಡು ಮಲಗತದ. ಅದ ಗೊಣ್ಣಿ ಹುಳ. ಐದರ ಒಳಗ ಸಿಕ್ಕರ ಏನೂ ಹಾಕಬ್ಯಾಡ್ರಿ, ನೀರು ಸರಿ ಇದ್ರ ಹುಲ್ಲು ತಾನ ತಡಕೋತದ. ಹತ್ತು ದಾಟಿದ್ರ ವಿಚಾರ ಮಾಡೋಣು. ನೋಡಿದ ಮ್ಯಾಲ ಹುಲ್ಲು ಮತ್ತ ತುಳದು ಕೂಡಿಸಿ ನೀರು ಹಾಕ್ರಿ, ಹತ್ತಿಕೋತದ.

ಕಾಗಿ, ಗೊರವಂಕ ಬಂದು ಒಂದ ಜಾಗಾ ಕೆದರಾಕತ್ತಿದ್ರ ಅದೂ ಒಂದು ಗುರುತು. ಹಂದಿ ನೆಲ ಮಗಚಿದ್ರೂ ಹುಳ ಅಂತಾರ, ಆದ್ರ ನಮ್ಮ ಅವಳಿ ನಗರದ ಹಂದಿಗೆ ನೆಲ ಮಗಚಾಕ ಕಾರಣ ಬೇಕಾಗೂದಿಲ್ಲ ಬಿಡ್ರಿ.

ಗದಗ
ನಮ್ದು ಎರಿ ಭೂಮಿ. ಹಿಂಗ ಹಳದಿ ಬಿತ್ತು ಅಂತ ಕಿತ್ತು ನೋಡಿದ್ರ ಒಂದೂ ಹುಳ ಇದ್ದಿಲ್ಲ, ನೀರು ನಿಂತು ಬೇರು ಕೊಳತಿದ್ದವು. ನೀರು ಹರದು ಹೋಗಾಕ ದಾರಿ ಮಾಡಿಕೊಟ್ಟ ಮ್ಯಾಲ ಸುಧಾರಿಸ್ತು. ಮೇಲಿನವರು ಹೇಳಿದ್ದು ಖರೆ, ಕಿತ್ತು ನೋಡ್ರಿ.

ರಾಣೆಬೆನ್ನೂರು
ನಾನು ಕೃಷಿ ಓದಿದವನು, ಮನೆಯಲ್ಲಿ ಗೋವಿನಜೋಳ, ಸ್ವಲ್ಪ ಕಬ್ಬು. ಥಿಮೆಟ್ ಅಂದರೆ ಫೋರೇಟ್ ಅನ್ನುವ ಕೀಟನಾಶಕ. 2018ರ ಆದೇಶದಂತೆ ಅದು 2020ರ ಡಿಸೆಂಬರ್ 31ರಿಂದ ಇಡೀ ದೇಶದಲ್ಲಿ ನಿಷೇಧ. ಈಗಲೂ ಯಾರಾದರೂ ಪೊಟ್ಟಣ ಕಟ್ಟಿ ಕೊಡುತ್ತಿದ್ದರೆ ಅದು ಹಳೇ ಮಾಲೋ, ನಕಲಿಯೋ. ಎರಡೂ ಮನೆಯೊಳಗೆ ಬರಬಾರದು. ಕಾರ್ಬೊಫ್ಯುರಾನ್ ಅನ್ನುವ ಇನ್ನೊಂದು ಕೀಟನಾಶಕದ ಹರಳನ್ನೂ ಅಂಗಳಕ್ಕೆ ನಾನು ಒಪ್ಪುವುದಿಲ್ಲ. ಹಕ್ಕಿಗಳು ಕಾಳು ಅಂತ ಹೆಕ್ಕುತ್ತವೆ, ಸಣ್ಣ ಹಕ್ಕಿಗೆ ಒಂದೇ ಹರಳು ಸಾಕು. ಎರೆಹುಳು ಕೂಡ ಸಾಯುತ್ತವೆ. ಧಾರವಾಡದ ಕಡೆ ನವಿಲು ಬರುವ ಮನೆಯವರಂತೂ ಅದರ ಹೆಸರೇ ಎತ್ತಬಾರದು.

ಬೇರೆ ಕೀಟನಾಶಕಗಳಲ್ಲಿ ಫಿಪ್ರೊನಿಲ್ ಶೇ. 0.3, ಕ್ಲೊರಾಂಟ್ರಾನಿಲಿಪ್ರೋಲ್ ಶೇ. 0.4 ಹರಳು ಸಿಗುತ್ತವೆ. ಆದರೆ ಚೀಲ ಓದಿ ನೋಡಿ, ಭತ್ತ, ಕಬ್ಬು ಅಂತ ಇರುತ್ತದೆ, ಲಾನ್ ಅಂತ ಇರುವುದಿಲ್ಲ. ಅದಕ್ಕೇ ಅಂಗಡಿಯವರ ಮಾತಿಗಿಂತ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರನ್ನು ಕೇಳಿ ತೆಗೆದುಕೊಳ್ಳುವುದು ಲೇಸು. ಚೀಲದ ಮೇಲಿನ ತ್ರಿಕೋನದ ಬಣ್ಣವನ್ನೂ ನೋಡಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು.

ಇನ್ನೊಂದು ಮುಖ್ಯ ಮಾತು, ಹೊತ್ತು. ಗೊಣ್ಣೆ ಹುಳ ಅಂದರೆ ದುಂಬಿಯ ಮರಿ; ಮುಂಗಾರಿನ ಮೊದಲ ದೊಡ್ಡ ಮಳೆ ಆದ ಸಂಜೆ ಈ ದುಂಬಿಗಳು ಮಣ್ಣಿನಿಂದ ಎದ್ದು ಬೇವು, ಜಾಲಿ, ಬಾರೆ ಗಿಡಕ್ಕೆ ಹಾರುತ್ತವೆ, ಆಮೇಲೆ ಮಣ್ಣಿಗೆ ಇಳಿದು ಮೊಟ್ಟೆ ಇಡುತ್ತವೆ. ನಮ್ಮ ಕಡೆಯ ಮುಖ್ಯ ಜಾತಿಗೆ ವರ್ಷಕ್ಕೆ ಒಂದೇ ಪೀಳಿಗೆ. ಜೂನ್-ಜುಲೈನಲ್ಲಿ ಮರಿ ಸಣ್ಣದಿದ್ದಾಗ ಔಷಧ ಹತ್ತುತ್ತದೆ. ಶ್ರಾವಣದಲ್ಲಿ ಬಲಿತ ಹುಳಕ್ಕೆ ಹರಳು ಚೆಲ್ಲಿದರೆ ದುಡ್ಡು ದಂಡ, ವಿಷ ಮಾತ್ರ ಅಂಗಳದಲ್ಲಿ ಉಳಿಯುತ್ತದೆ.

ಧಾರವಾಡ, ಕೆಲಗೇರಿ
ಒಂದು ಸಂಸ್ಥೆಯ ಲಾನ್ ನೋಡಿಕೊಳ್ಳೋ ಕೆಲಸ ನಂದು. ಹಾಕೋದ ಆದ್ರ ಹೆಂಗಂತ ಹೇಳ್ತೀನಿ. ಹಿಡಿ ಹಿಡಿ ಉಗ್ಗೋದು ಮಾಡಬ್ಯಾಡ್ರಿ. ತೂಕ ಮಾಡ್ರಿ. ಎಕರೆಕ್ಕ 10 ಕೆಜಿ ಅಂತ ಹೇಳಿದ್ರ ಗುಂಟೆಕ್ಕ 250 ಗ್ರಾಂ, ನಿಮ್ಮ ಅರ್ಧ ಗುಂಟೆಕ್ಕ 125 ಗ್ರಾಂ ಅಷ್ಟ. ನೋಡಿದ್ರ ಬಾಳ ಕಡಿಮಿ ಅನಸ್ತದ, ಅಲ್ಲೇ ಎಲ್ಲಾರೂ ಇನ್ನೊಂದು ಹಿಡಿ ಹಾಕೋದು. ಅಷ್ಟನ್ನ ಒಣ ಉಸುಕಿನ್ಯಾಗ ಕಲಿಸಿ ಎರಡು ಪಾಲು ಮಾಡ್ರಿ, ಒಂದು ಪಾಲು ಉದ್ದಕ್ಕ, ಇನ್ನೊಂದು ಅಡ್ಡಕ್ಕ ಚೆಲ್ರಿ. ಕೈಗೆ ರಬ್ಬರ್ ಗ್ಲೌಸ್, ಮಾರಿಗೆ ಮಾಸ್ಕ್, ಕಾಲಿಗೆ ಬೂಟು. ಕಲಿಸಿದ ಬುಟ್ಟಿ ಮತ್ತ ಅಡಿಗಿ ಮನಿಗೆ ಹೋಗಬಾರದು.

ಚೆಲ್ಲೋವಾಗ ಹುಲ್ಲು ಒಣಗಿರಬೇಕು, ಇಲ್ಲಂದ್ರ ಹರಳು ಎಲಿಗೆ ಅಂಟಿ ಮ್ಯಾಲೇ ಕೂಡ್ತಾವು. ಚೆಲ್ಲಿದ ಕೂಡ್ಲೆ ನೀರು. ಲಾನ್ ಮ್ಯಾಲ ಒಂದು ಚಪ್ಪಟಿ ಡಬ್ಬಿ ಇಟ್ಟು, ಅದರಾಗ ಅರ್ಧ ಇಂಚು ನೀರು ನಿಲ್ಲೋತನಕ ಸಿಂಪಡಿಸ್ರಿ. ಹರಳು ಮಣ್ಣಿಗೆ ಇಳದು ಬೇರಿನ ಹತ್ರ ಹೋಗಬೇಕು, ಗಟಾರಕ್ಕಲ್ಲ. ಅದಕ್ಕ ಜೋರು ಮಳಿ ಬರೋ ದಿವಸ ಬ್ಯಾಡ. ಫರಸಿ ಮ್ಯಾಲ ಬಿದ್ದ ಹರಳು ಕಸಬರಗಿಲೆ ಬಳದು ಹುಲ್ಲಿಗೇ ಹಾಕ್ರಿ, ಪೈಪ್ ಹಿಡದು ತೊಳೀಬ್ಯಾಡ್ರಿ. ಬಾವಿ, ಬೋರು, ಮೀನಿನ ತೊಟ್ಟಿ ಹತ್ರ ಹಾಕಬ್ಯಾಡ್ರಿ. ಫಿಪ್ರೊನಿಲ್ ಮೀನಿಗೂ ಜೇನಿಗೂ ಬಾಳ ಕೆಟ್ಟ. ಪೂರ್ತಿ ಒಣಗೋತನಕ ಹುಡುಗರು, ನಾಯಿ ಯಾರೂ ಕಾಲಿಡಬಾರದು. ಅಂಬೆಗಾಲಿಡೋ ಕೂಸು ಅಂದ್ರ ಕೈ ಸೀದಾ ಬಾಯಿಗೆ, ನಿಮ್ಮ ಮನ್ಯಾಗ ನಾನಾದ್ರ ಹಾಕೂದಿಲ್ಲ.

ಧಾರವಾಡ (ಪಶುವೈದ್ಯ)
ಕತ್ತರಿಸಿದ ಹುಲ್ಲು ಎಲ್ಲಿಗೆ ಹೋಗ್ತದ ಅಂತ ಯಾರೂ ಕೇಳಲಿಲ್ಲ. ನಮ್ಮಲ್ಲಿ ಮಾಲಿ ಅದನ್ನ ಚೀಲ ತುಂಬಿ ಎಮ್ಮಿ ಇದ್ದವರ ಮನಿಗೆ ಒಯ್ತಾನ. ಔಷಧ ಹಾಕಿದ ಲಾನಿನ ಹುಲ್ಲು ದನಕ್ಕ ಕೊಡಬ್ಯಾಡ್ರಿ, ಮಾಲಿಗೆ ಬಾಯಿ ಬಿಟ್ಟು ಹೇಳ್ರಿ. ನಾಯಿಗೆ ಜೊಲ್ಲು ಸುರಿಯೋದು, ನಡುಕ, ವಾಂತಿ ಕಂಡ್ರ ಔಷಧದ ಚೀಲ ಕೈಯಾಗ ಹಿಡಕೊಂಡ ಬರ್ರಿ, ಯಾವ ವಿಷ ಅಂತ ಗೊತ್ತಾದ್ರ ಚಿಕಿತ್ಸಾ ಲಗೂನ ಆಗ್ತದ. ಮನಷ್ಯಾರಿಗೆ ಆದ್ರ 108, ಚೀಲ ಅವರ ಕೈಯಾಗೂ ಕೊಡ್ರಿ.

ಹುಬ್ಬಳ್ಳಿ, ವಿದ್ಯಾನಗರ (ಕೇಳಿದವರು)
ಕಿತ್ತು ನೋಡಿದ್ವಿ. ಒಂದು ಕಡೆ ಆರು, ಇನ್ನೊಂದು ಕಡೆ ನಾಕು, ಕಿರುಬೆರಳಿನಷ್ಟು ದಪ್ಪ. ಗುಳಿಗಿ ವಿಚಾರ ಬಿಟ್ಟೀನಿ. ಹಂಗಾರ ಈಗ ಏನ್ ಮಾಡ್ಲಿ?

ರಾಣೆಬೆನ್ನೂರು
ಅಷ್ಟಕ್ಕೆ ಕೈಯೇ ಸಾಕು. ಎದ್ದ ಜಾಗ ಬಿಚ್ಚಿ, ಹುಳ ಆರಿಸಿ ಸೋಪಿನ ನೀರಿಗೆ ಹಾಕಿ, ಮಣ್ಣು ಸಡಿಲಿಸಿ ಹುಲ್ಲು ಮತ್ತೆ ನೆಡಿ. ಹುಳಕ್ಕೆ ರೋಗ ತಂದು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರದ ಪುಡಿಯನ್ನು ಪೂರ್ತಿ ಕೊಳೆತ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ನೆಲ ಹಸಿ ಇರುವಾಗ ಸಂಜೆ ಹೊತ್ತು ಹರಡಿ. ನಿಧಾನ, ಆದರೆ ಮೊಮ್ಮಗನ ಚಿಂತೆ ಇಲ್ಲ. ಹಸಿ ಸೆಗಣಿ ಗೊಬ್ಬರ ಮಾತ್ರ ಹಾಕಬೇಡಿ. ಮುಂದಿನ ಮುಂಗಾರಿಗೆ ಓಣಿಯವರೆಲ್ಲ ಸೇರಿ, ಬೇವಿನ ಗಿಡದ ಟೊಂಗೆ ಸಂಜೆ ಅಲುಗಾಡಿಸಿ ಬಿದ್ದ ದುಂಬಿ ಆರಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಹುಬ್ಬಳ್ಳಿ, ವಿದ್ಯಾನಗರ (ಕೇಳಿದವರು)
ಬೇವಿನ ಗಿಡ ಬಾಜೂ ಮನಿಯವರದು. ಅವರಿಗೂ ನಮಗೂ ಮಾತಿಲ್ಲ. ಜೂನ್ ಬರೋದ್ರಾಗ ಮಾತಾಡಿಸಬೇಕಾತು ನೋಡ್ರಿ.