ಡಚ್ ಮನೆಮಾತಿನವರಿಗೆ ಇಂಗ್ಲಿಷ್ ಕಾಲಗಳು ಮತ್ತು ‘ಮಸ್ಟ್–ಶುಡ್–ವುಡ್’: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ — ಆನ್‌ಲೈನ್_ಮೇಷ್ಟ್ರು

ಇಬ್ಬರು ವಯಸ್ಕರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಪಾಠ ನಡೆಯುತ್ತಿದೆ. ಒಬ್ಬರು ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಕಡೆಯವರು, ಇನ್ನೊಬ್ಬರು ಬೆಲ್ಜಿಯಂನ ಗೆಂಟ್‌ನವರು. ಇಬ್ಬರ ಮನೆಮಾತೂ ಡಚ್, ಮಟ್ಟ ಬಿ1 (ಯುರೋಪಿನ ಭಾಷಾ ಅಳತೆಯಲ್ಲಿ ಮಧ್ಯಮ ಹಂತ; ಅದರ ಮೇಲಿನದು ಬಿ2). ಮಾತು ಸರಾಗ. ಆದರೆ ಬರೆದದ್ದನ್ನು ತಿದ್ದಲು ಕೂತರೆ ಕ್ರಿಯಾಪದ ಇರುವಲ್ಲೆಲ್ಲ ಕೆಂಪು ಶಾಯಿ. ಕನ್ನಡದ ಮಕ್ಕಳಿಗೆ ಹೇಳಿಕೊಡುವ ಕ್ರಮ ಇಲ್ಲಿ ನಡೆಯುತ್ತಿಲ್ಲ, ಇವರ ತಪ್ಪುಗಳ ಜಾತಿಯೇ ಬೇರೆ. ಅವರು ಬರೆದದ್ದು ಬರೆದ ಹಾಗೇ:

– ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ.
– ಐ ಲಿವ್ ಹಿಯರ್ ಸಿನ್ಸ್ ಟೆನ್ ಇಯರ್ಸ್.
– ಇಟ್ ಕ್ಯಾನ್ ರೇನ್ ಟುಮಾರೋ.
– ಯು ಮಸ್ಟಂಟ್ ಕಮ್, ಇಟ್ಸ್ ಆನ್‌ಲೈನ್. (‘ಬರಬೇಕಾಗಿಲ್ಲ’ ಅನ್ನುವ ಅರ್ಥದಲ್ಲಿ, ಇದು ಗೆಂಟ್‌ನವರದು)
– ಸಾರಿ, ಐ ಹ್ಯಾಡ್ ಟು ಕಾಲ್ ಯು. (ಕರೆ ಮಾಡಿರಲೇ ಇಲ್ಲ!)
– ಇಫ್ ಐ ವುಡ್ ಹ್ಯಾವ್ ಟೈಮ್, ಐ ವುಡ್ ಕಮ್.

ಒಂದೇ ಮನುಷ್ಯ ‘ಹ್ಯಾವ್ ಸೀನ್’ ರೂಪವನ್ನು ಬೇಡದ ಕಡೆ ಹಾಕಿ, ಬೇಕಾದ ಕಡೆ ಬಿಡುವುದು ಹೇಗೆ? ಯಾವುದನ್ನು ಮೊದಲು ತಿದ್ದಲಿ?

ಉತ್ತರ 1 — ಐಂಡ್‌ಹೋವನ್_ಕನ್ನಡತಿ

ಮೇಷ್ಟ್ರೇ, ಬೇಡದ ಕಡೆ ಹಾಕುವುದಕ್ಕೂ ಬೇಕಾದ ಕಡೆ ಬಿಡುವುದಕ್ಕೂ ಕಾರಣ ಒಂದೇ. ಡಚ್‌ನಲ್ಲೂ ‘ಹ್ಯಾವ್ + ಮೂರನೇ ರೂಪ’ ಇದೆ, ನೋಡಲು ಥೇಟ್ ಇಂಗ್ಲಿಷ್‌ನ ಹಾಗೇ. ಮಾಡುವ ಕೆಲಸ ಮಾತ್ರ ಬೇರೆ. ಮಾತಿನ ಡಚ್‌ನಲ್ಲಿ ಮುಗಿದ ಸಂಗತಿಗೆಲ್ಲ ಅದೇ ರೂಢಿ: ‘ಇಕ್ ಹೆಪ್ ಹೆಮ್ ಖಿಸ್ಟರನ್ ಖಝೀನ್’, ಅಂದರೆ ‘ನಿನ್ನೆ ಅವನನ್ನು ನೋಡಿದೆ’. ಪದಕ್ಕೆ ಪದ ಇಟ್ಟರೆ ನಿಮ್ಮ ಮೊದಲ ತಪ್ಪು ಹುಟ್ಟುತ್ತದೆ.

ಇನ್ನೂ ಮುಂದುವರಿಯುತ್ತಿರುವುದಕ್ಕೆ ಡಚ್ ವರ್ತಮಾನವನ್ನೇ ಬಳಸುತ್ತದೆ: ‘ಇಕ್ ವೋನ್ ಹಿಯರ್ ಅಲ್ ಟೀನ್ ಯಾರ್’. ನಾವೂ ‘ಹತ್ತು ವರ್ಷದಿಂದ ಇಲ್ಲೇ ಇದ್ದೇನೆ’ ಅನ್ನುತ್ತೇವಲ್ಲ, ಹಾಗೆ. ಇಂಗ್ಲಿಷ್ ಅಲ್ಲೇ ‘ಹ್ಯಾವ್ ಲಿವ್ಡ್’ ಕೇಳುತ್ತದೆ. ಹಾಗಾಗಿ ಒಂದು ಪಾಠದಲ್ಲಿ ಎರಡು ಬಾಣದ ಗುರುತು ಬರೆಸಿ: ಡಚ್‌ನ ಹೆಪ್-ರೂಪ (‘ಹೆಪ್’ ಅಂದರೆ ‘ಹ್ಯಾವ್’) → ಇಂಗ್ಲಿಷ್ ಸಾದಾ ಭೂತ, ಡಚ್‌ನ ವರ್ತಮಾನ + ‘ಅಲ್’ ಅಥವಾ ‘ಸಿಂಟ್ಸ್’ → ಇಂಗ್ಲಿಷ್ ಹ್ಯಾವ್-ರೂಪ.

ಅಭ್ಯಾಸ ಹೀಗೆ: ಹತ್ತು ವಾಕ್ಯ ಕೊಡಿ, ಕ್ರಿಯಾಪದದ ಜಾಗ ಖಾಲಿ ಇರಲಿ. ಮೊದಲು ಕಾಲ ಹೇಳುವ ಪದಕ್ಕೆ ಮಾತ್ರ ಗೆರೆ ಎಳೆಯಲಿ. ಎಸ್ಟರ್‌ಡೇ, ಲಾಸ್ಟ್ ವೀಕ್, ಇನ್ 2019, ‘ಅಗೋ’ ಸಿಕ್ಕರೆ ಬಾಗಿಲು ಮುಚ್ಚಿತು, ಸಾದಾ ಭೂತ. ‘ಫಾರ್’, ‘ಸಿನ್ಸ್’ ಇದ್ದು ಕೆಲಸ ಇನ್ನೂ ನಡೆಯುತ್ತಿದ್ದರೆ ಹ್ಯಾವ್. ಅದಾದ ಮೇಲೇ ಕ್ರಿಯಾಪದ ತುಂಬಬೇಕು.

‘ಸಿನ್ಸ್ ಟೆನ್ ಇಯರ್ಸ್’ ಪ್ರತ್ಯೇಕ ರೋಗ. ಡಚ್‌ನ ‘ಸಿಂಟ್ಸ್’ ನಮ್ಮ ‘ಇಂದ’ ಇದ್ದ ಹಾಗೆ, ‘2019ರಿಂದ’ ಅಂದರೂ ಸರಿ, ‘ಮೂರು ವರ್ಷದಿಂದ’ ಅಂದರೂ ಸರಿ. ಇಂಗ್ಲಿಷ್‌ನಲ್ಲಿ ಶುರುವಾದ ಬಿಂದುವಿಗೆ ಸಿನ್ಸ್, ಅಳತೆಗೆ ಫಾರ್.

ಅಂದಹಾಗೆ, ಅವರ ಶಾಲೆಯ ವ್ಯಾಕರಣದಲ್ಲಿ ವರ್ತಮಾನಕ್ಕೆ ‘ಓಟಿಟಿ’, ಭೂತಕ್ಕೆ ‘ಓವಿಟಿ’, ಹೆಪ್-ರೂಪಕ್ಕೆ ‘ವಿಟಿಟಿ’ ಅನ್ನುತ್ತಾರೆ. ಪಾಠದಲ್ಲಿ ಓಟಿಟಿ ಅಂದಾಗ ಸಿನಿಮಾ ಅಂದುಕೊಳ್ಳಬೇಡಿ. ಈ ಹೆಸರು ಬಳಸಿದರೆ ಅವರಿಗೆ ಬೇಗ ಹತ್ತುತ್ತದೆ.

ಉತ್ತರ 2 — ವ್ಯಾಕರಣ_ಭಟ್ಟ

ಕಾಲಪದದ ಉಪಾಯ ಒಳ್ಳೆಯದೇ, ಅಷ್ಟಕ್ಕೇ ನಿಲ್ಲಿಸಿದರೆ ಮೋಸ ಹೋಗುತ್ತಾರೆ. ‘ಹೂ ಹ್ಯಾಸ್ ಪೇಂಟೆಡ್ ದಿಸ್?’ ಅಂತ ಮ್ಯೂಸಿಯಂನಲ್ಲಿ ನಿಂತು ಕೇಳುತ್ತಾರೆ. ಅಲ್ಲಿ ಕಾಲಪದವೇ ಇಲ್ಲ. ವಸ್ತು ಕಣ್ಣೆದುರಿಗಿದ್ದು, ಮಾಡಿದ್ದು ಯಾರು ಅಂತ ಕೇಳುವಾಗ ಇಂಗ್ಲಿಷ್‌ಗೆ ಸಾದಾ ಭೂತ ಬೇಕು: ‘ಹೂ ಪೇಂಟೆಡ್ ದಿಸ್?’ ರೆಂಬ್ರಾಂಟ್ 1642ರಲ್ಲಿ ‘ನೈಟ್ ವಾಚ್’ ಬಿಡಿಸಿದ್ದಕ್ಕೂ ‘ಪೇಂಟೆಡ್’, ಇಸವಿ ಹೇಳದಿದ್ದರೂ ‘ಪೇಂಟೆಡ್’.

ಇನ್ನೊಂದು: ಹೋಗು, ಬಾ, ಹುಟ್ಟು, ಆಗು ತರಹದ ಕ್ರಿಯೆಗಳಿಗೆ ಡಚ್ ‘ಹ್ಯಾವ್’ ಬದಲು ‘ಬೀ’ ಹಾಕುತ್ತದೆ. ಹಾಗಾಗಿ ‘ಐ ಆ್ಯಮ್ ಬಾರ್ನ್ ಇನ್ 1985’, ‘ಶೀ ಈಸ್ ಕಮ್ ಲೇಟ್’. ಮಾತಿನಲ್ಲಿ ‘ಹೀಸ್ ಗಾನ್’ ಅಂದಾಗ ಒಳಗಿರುವುದು ‘ಈಸ್’ ಎಂದೋ ‘ಹ್ಯಾಸ್’ ಎಂದೋ ಗೊತ್ತಾಗುವುದಿಲ್ಲ. ಬಿಡಿಸಿ ಬರೆಸಿ.

ಈಗ ನಿಮ್ಮ ಐದನೇ ವಾಕ್ಯ. ನನ್ನ ಕೇಳಿದರೆ ಇದನ್ನೇ ಮೊದಲು ತಿದ್ದಿ. ‘ಐ ಹ್ಯಾವ್ ಸೀನ್ ಹಿಮ್ ಎಸ್ಟರ್‌ಡೇ’ ಅಂದರೆ ಕೇಳಿದವರಿಗೆ ಅರ್ಥವಾಗುತ್ತದೆ. ‘ಐ ಹ್ಯಾಡ್ ಟು ಕಾಲ್ ಯು’ ಅಂದರೆ ಅರ್ಥವೇ ತಲೆಕೆಳಗು. ಕನ್ನಡ ಬಲ್ಲವರಿಗೆ ಹೇಳುವುದು ಸುಲಭ:

‘ಕರೆ ಮಾಡಬೇಕಾಯಿತು’ — ಮಾಡಿದ್ದೇನೆ, ಬೇರೆ ದಾರಿ ಇರಲಿಲ್ಲ — ‘ಹ್ಯಾಡ್ ಟು ಕಾಲ್’.
‘ಕರೆ ಮಾಡಬೇಕಿತ್ತು’ — ಮಾಡಲಿಲ್ಲ, ತಪ್ಪಾಯಿತು — ‘ಶುಡ್ ಹ್ಯಾವ್ ಕಾಲ್ಡ್’.

ಡಚ್‌ಗೂ ಈ ವ್ಯತ್ಯಾಸ ಗೊತ್ತು. ಮೊದಲನೆಯದಕ್ಕೆ ‘ಇಕ್ ಮೂಸ್ಟ್ ಬೆಲನ್’ ಅಥವಾ ‘ಇಕ್ ಹೆಪ್ ಮೂಟನ್ ಬೆಲನ್’, ಎರಡನೆಯದಕ್ಕೆ ‘ಇಕ್ ಹಟ್ ಮೂಟನ್ ಬೆಲನ್’. ಈ ‘ಹಟ್’ ಬರವಣಿಗೆಯಲ್ಲಿ ಇಂಗ್ಲಿಷ್‌ನ ‘ಹ್ಯಾಡ್’ ಅಕ್ಷರಗಳೇ. ಕಣ್ಣು ಅಲ್ಲೇ ಜಾರುವುದು. ಪರಿವರ್ತನೆ ಮೂರು ಹೆಜ್ಜೆ:

1. ‘ಹಟ್’ ಜೊತೆ ಕೊನೆಯಲ್ಲಿ ಎರಡು ಮೂಲರೂಪ ಇವೆಯೇ ನೋಡಿ (ಮೂಟನ್ + ಬೆಲನ್).
2. ಅದರಲ್ಲಿ ಸಹಾಯಕ ಕ್ರಿಯಾಪದವನ್ನು ಮುಂದಕ್ಕೆ ತನ್ನಿ: ಮೂಟನ್ ಇದ್ದರೆ ‘ಶುಡ್’, ಕುನನ್ ಇದ್ದರೆ ‘ಕುಡ್’.
3. ‘ಹಟ್’ ಅನ್ನು ‘ಹ್ಯಾವ್’ ಮಾಡಿ, ಮುಖ್ಯ ಕ್ರಿಯೆಯನ್ನು ಮೂರನೇ ರೂಪಕ್ಕೆ ತನ್ನಿ.

‘ಹೈ ಹಟ್ ಕುನನ್ ಕೋಮನ್’ → ‘ಹೀ ಕುಡ್ ಹ್ಯಾವ್ ಕಮ್’, ಬರಬಹುದಿತ್ತು. ಮುಖ್ಯವಾಕ್ಯದಲ್ಲಿ ಇದು ಸಾಮಾನ್ಯವಾಗಿ ಕೈಕೊಡುವುದಿಲ್ಲ. ‘ಏಕೆಂದರೆ ಅವನು ಕಾಯಬೇಕಾಗಿ ಬಂದಿತ್ತು’ ತರಹದ ಉಪವಾಕ್ಯದಲ್ಲಿ ‘ಹಟ್ ಮೂಟನ್’ ನಿಜವಾದ ಭೂತವೂ ಆಗಬಹುದು. ಅದು ಬಿ2 ಆದ ಮೇಲೆ.

ಮೂಲದಲ್ಲಿರುವುದು ಇಷ್ಟು: ಡಚ್ ಸಹಾಯಕ ಕ್ರಿಯಾಪದಗಳಿಗೆ ಮೂಲರೂಪ, ಭೂತರೂಪ, ಮೂರನೇ ರೂಪ ಎಲ್ಲ ಇವೆ. ಇಂಗ್ಲಿಷ್‌ನ ಕ್ಯಾನ್, ಮಸ್ಟ್‌ಗಳಿಗೆ ಮೂಲರೂಪವೂ ಇಲ್ಲ, ಮೂರನೇ ರೂಪವೂ ಇಲ್ಲ. ‘ವಿಲ್ ಕ್ಯಾನ್’, ‘ವಿಲ್ ಮಸ್ಟ್’ ಬರೆಯುವುದು ಅದಕ್ಕೇ. ಎರಡನ್ನು ಒಂದರ ಪಕ್ಕ ಒಂದು ಇಡುವಂತಿಲ್ಲ. ‘ವಿಲ್ ಬಿ ಏಬಲ್ ಟು’, ‘ವಿಲ್ ಹ್ಯಾವ್ ಟು’. ಹಾಗೆಯೇ ಡಚ್‌ನಲ್ಲಿ ‘ಇಕ್ ಮೂಟ್ ನಾರ್ ಹೌಸ್’ ಅಂತ ‘ಹೋಗು’ ಇಲ್ಲದೆಯೇ ವಾಕ್ಯ ಮುಗಿಯುತ್ತದೆ. ಇಂಗ್ಲಿಷ್‌ನಲ್ಲಿ ಅಲ್ಲೊಂದು ‘ಗೋ’ ಬೇಕೇ ಬೇಕು.

ಉತ್ತರ 3 — ಗೆಂಟ್_ವಾಸಿ

ನಾಲ್ಕನೇ ವಾಕ್ಯ ಗೆಂಟ್‌ನವರದ್ದು ಅಂದಿರಿ, ಅದು ಕಾಕತಾಳೀಯವಲ್ಲ. ನೆದರ್ಲೆಂಡ್ಸ್‌ನಲ್ಲಿ ‘ಬರಬೇಕಾಗಿಲ್ಲ’ ಅನ್ನಲು ‘ಹೂವನ್’ ಎಂಬ ಬೇರೆಯೇ ಕ್ರಿಯಾಪದ: ‘ಯ ಹೂಫ್ಟ್ ನೀಟ್ ತ ಕೋಮನ್’. ಫ್ಲಾಂಡರ್ಸ್‌ನಲ್ಲಿ, ಅಂದರೆ ಗೆಂಟ್ ಇರುವ ಬೆಲ್ಜಿಯಂನ ಡಚ್ ಭಾಗದಲ್ಲಿ, ಅದೇ ಅರ್ಥಕ್ಕೆ ‘ಮೂಟ್ ನೀಟ್’ ಅನ್ನುವುದೇ ಹೆಚ್ಚು. ‘ಮೂಟ್’ ಅಂದರೆ ‘ಮಸ್ಟ್’ ಅಂತ ತಲೆಯಲ್ಲಿ ಕೂತಿರುವುದರಿಂದ ‘ಮಸ್ಟಂಟ್’ ಬಂತು, ಅಂದರೆ ‘ಬರಕೂಡದು’! ಸಹೋದ್ಯೋಗಿಗೆ ಹೀಗೆ ಮೇಲ್ ಹೋದರೆ ಮುಖ ಊದುವುದು ಗ್ಯಾರಂಟಿ.

ಉಟ್ರೆಕ್ಟ್‌ನವರಿಗೆ: ಹೂವನ್ ಕಂಡರೆ ‘ಡೋಂಟ್ ಹ್ಯಾವ್ ಟು’, ‘ಮಾಖ್ ನೀಟ್’ ಕಂಡರೆ ‘ಮಸ್ಟಂಟ್’ ಅಥವಾ ‘ನಾಟ್ ಅಲೌಡ್ ಟು’. ಗೆಂಟ್‌ನವರಿಗೆ ಈ ಸೂತ್ರ ಸಾಲದು. ಮೊದಲು ಡಚ್ ವಾಕ್ಯವನ್ನೇ ‘ಹೂವನ್’ ಹಾಕಿ ಹೇಳಿ ನೋಡಲಿ. ಅರ್ಥ ಕೆಡದಿದ್ದರೆ ‘ಡೋಂಟ್ ಹ್ಯಾವ್ ಟು’.

‘ಕ್ಯಾನ್ ರೇನ್’ ಬಗ್ಗೆ: ಡಚ್‌ನ ‘ಕನ್’ ಶಕ್ತಿಗೂ ಸಾಧ್ಯತೆಗೂ ಆಗುತ್ತದೆ. ಒಂದು ದಿನದ, ಒಂದು ಸಂದರ್ಭದ ‘ಬರಬಹುದು’ ಅಂದರೆ ಇಂಗ್ಲಿಷ್‌ನಲ್ಲಿ ‘ಮೇ’ ಅಥವಾ ‘ಮೈಟ್’. ‘ಕ್ಯಾನ್’ ಬರುವುದು ಸಾಮಾನ್ಯ ಗುಣ ಹೇಳುವಾಗ: ‘ಇಟ್ ಕ್ಯಾನ್ ರೇನ್ ಹಿಯರ್ ಇನ್ ಜುಲೈ’, ಇಲ್ಲಿ ಜುಲೈನಲ್ಲೂ ಮಳೆ ಬರುವುದುಂಟು. ‘ಇಕ್ ವಿಲ್’ ಅಂದರೆ ‘ನನಗೆ ಬೇಕು’ ಅನ್ನುವುದನ್ನೂ ಒಮ್ಮೆ ಹೇಳಿಬಿಡಿ. ಬಿ1ನವರು ಸುಸ್ತಾದಾಗ ‘ಐ ವಿಲ್ ಎ ಕಾಫಿ’ ಅಂದುಬಿಡುತ್ತಾರೆ.

ಆನ್‌ಲೈನ್_ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ‘ಬೇಕಾಯಿತು/ಬೇಕಿತ್ತು’ ನನ್ನ ತಲೆಗೂ ಹೊಳೆದಿರಲಿಲ್ಲ. ಉಳಿದದ್ದು ‘ಇಫ್ ಐ ವುಡ್’. ಮತ್ತೆ, ಇವತ್ತು ಉಟ್ರೆಕ್ಟ್‌ನವರು ‘ದ ಮಿನಿಸ್ಟರ್ ವುಡ್ ಬಿ ಇಲ್’ ಅಂತ ಬರೆದಿದ್ದಾರೆ. ಷರತ್ತೇ ಇಲ್ಲದ ವಾಕ್ಯದಲ್ಲಿ ಈ ವುಡ್ ಎಲ್ಲಿಂದ ಬಂತು?

ಉತ್ತರ 4 — ವ್ಯಾಕರಣ_ಭಟ್ಟ

ಅದು ಅವರ ‘ಝೌ’. ‘ಹೈ ಝೌ ಝೀಕ್ ಝೈನ್’ ಅಂದರೆ ‘ಅವನಿಗೆ ಹುಷಾರಿಲ್ಲವಂತೆ’. ನಮ್ಮ ‘ಅಂತೆ’ಯ ಕೆಲಸ! ನಾನು ಕಂಡಿಲ್ಲ, ಯಾರೋ ಹೇಳಿದ್ದು. ಇಂಗ್ಲಿಷ್‌ನ ವುಡ್‌ಗೆ ಈ ಕೆಲಸ ಬರುವುದಿಲ್ಲ. ‘ದ ಮಿನಿಸ್ಟರ್ ಈಸ್ ಸೆಡ್ ಟು ಬಿ ಇಲ್’, ‘ಅಪಾರೆಂಟ್ಲಿ’ ಅಥವಾ ಸುದ್ದಿಯ ಧಾಟಿಯಲ್ಲಿ ‘ರಿಪೋರ್ಟೆಡ್ಲಿ’.

ಷರತ್ತಿನ ವಾಕ್ಯಕ್ಕೆ ಡಚ್‌ನಲ್ಲಿ ಎರಡೂ ಸರಿ: ‘ಅಲ್ಸ್ ಇಕ್ ಟೈಟ್ ಹಟ್’, ‘ಅಲ್ಸ್ ಇಕ್ ಟೈಟ್ ಝೌ ಹೆಬನ್’. ಇಂಗ್ಲಿಷ್‌ಗೆ ಹೊಂದುವುದು ಮೊದಲನೆಯದು. ಡಚ್‌ನಲ್ಲೇ ‘ಹಟ್’ ರೂಪಕ್ಕೆ ಬದಲಾಯಿಸಿಕೊಂಡು ಆಮೇಲೆ ದಾಟಲಿ: ‘ಇಫ್ ಐ ಹ್ಯಾಡ್ ಟೈಮ್, ಐ ವುಡ್ ಕಮ್’. ‘ಇಫ್ ಯು ವುಡ್ ಸೈನ್ ಹಿಯರ್’ ಅನ್ನುವ ವಿನಯದ ಮಾತು ಬೇರೆ, ಅದನ್ನು ಈಗಲೇ ತೋರಿಸಬೇಡಿ.

ಉತ್ತರ 5 — ಐಂಡ್‌ಹೋವನ್_ಕನ್ನಡತಿ

ಕಿವಿಯ ಕಡೆಗೂ ಗಮನವಿರಲಿ. ಪದದ ಕೊನೆಯ ಡ, ವ, ಬ ಧ್ವನಿಗಳನ್ನು ಡಚ್ಚರು ಟ, ಫ, ಪ ಮಾಡುತ್ತಾರೆ. ‘ಲಿವ್ಡ್’ ಹೋಗಿ ‘ಲಿಫ್ಟ್’ ಆಗುತ್ತದೆ, ‘ಐಡ್’ (ಐ ವುಡ್) ಹೋಗಿ ‘ಐಟ್’. ಇದಕ್ಕೆ ಮದ್ದು ಅವರ ಶಾಲೆಯಲ್ಲೇ ಕಲಿತ ‘ಟ್ ಕೊಫ್‌ಸ್ಖಿಪ್’ ಎಂಬ ನೆನಪಿನ ಪದ. ಧಾತುವಿನ ಕೊನೆಯಲ್ಲಿ ಅದರ ವ್ಯಂಜನ (ಟ, ಕ, ಫ, ಸ, ಖ, ಪ) ಇದ್ದರೆ ಡಚ್ ಭೂತಕ್ಕೆ ‘ತ’, ಇಲ್ಲದಿದ್ದರೆ ‘ದ’. ಇಂಗ್ಲಿಷ್‌ನ ‘-ಎಡ್’ ಉಚ್ಚಾರಕ್ಕೂ ಬಹುಪಾಲು ಇದೇ: ‘ವರ್ಕ್ಟ್’, ‘ಸ್ಟಾಪ್ಟ್’, ಆದರೆ ‘ಲಿವ್ಡ್’, ‘ಕಾಲ್ಡ್’. ಪಟ್ಟಿಗೆ ‘ಶ’, ‘ಚ’ ಸೇರಿಸಿ, ಟ-ಡ ಕೊನೆಯವನ್ನು ಹೊರಗಿಡಿ. ಅವಕ್ಕೆ ‘ವೇಟಿಡ್’ ಎಂಬಂತೆ ಪೂರ್ತಿ ‘ಇಡ್’ ಬರುತ್ತದೆ.